ಉದ್ಯಾನದ ಕೊಳಕ್ಕೆ ಸೀಸ ತಕ್ಕ ಲೋಹವೇ?

ಕೆರೆ, ಕಲ್ಯಾಣಿ, ಬಾವಿಗಳ ನಾಡಿನಿಂದ ಬಂದು ಮುಂಬಯಿ, ಪುಣೆ, ಹೈದರಾಬಾದ್, ದಿಲ್ಲಿಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಒಂದಿಷ್ಟು ನೀರು ಕಣ್ಣೆದುರಿಗೆ ಇರಬೇಕೆಂಬ ಆಸೆ ಸಹಜವಾದುದು. ಬಾಲ್ಕನಿಯ ಮೂಲೆಯಲ್ಲಿ ತಾವರೆಯ ತೊಟ್ಟಿ, ತಾರಸಿಯ ಮೇಲೆ ನೈದಿಲೆಯ ಕುಂಡ, ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಬಣ್ಣದ ಮೀನುಗಳಿರುವ ಸಿಮೆಂಟಿನ ಕೊಳ, ಇವು ಈಗ ಅಪರೂಪವಲ್ಲ. ಇಂತಹ ಕೊಳಗಳಿಗೆ ಸೀಸವು ಹಲವು ದಾರಿಗಳಿಂದ ಬಂದು ಸೇರುತ್ತದೆ. ಅಕ್ವೇರಿಯಂ ಅಂಗಡಿಯಿಂದ ತಂದ ನೀರುಗಿಡದ ಬುಡಕ್ಕೆ, ಅದು ತೇಲದಿರಲೆಂದು, ಬೂದು ಬಣ್ಣದ ಮೆತ್ತನೆಯ ಲೋಹದ ಪಟ್ಟಿಯೊಂದನ್ನು ಸುತ್ತಿರುವುದುಂಟು. ಅದು ಅನೇಕ ವೇಳೆ ಸೀಸವೇ ಆಗಿರುತ್ತದೆ. ತೊಟ್ಟಿಯ ಬಿರುಕಿಗೆ ಸೀಸದ ತಗಡನ್ನು ಬಡಿದು ಕೂರಿಸುವವರಿದ್ದಾರೆ. ಹಳೆಯ ಬಂಗಲೆಗಳ ಕಾರಂಜಿಗಳಲ್ಲಿ ಸೀಸದ ಕೊಳವೆ, ಸೀಸದ ಬೆಸುಗೆ ಉಳಿದಿರಬಹುದು. ಕೇಳಿದರೆ ಸಿಗುವ ಉತ್ತರ ಒಂದೇ: ಸೀಸಕ್ಕೆ ತುಕ್ಕು ಹಿಡಿಯದು, ಅದು ನೀರಿನಲ್ಲಿ ಕರಗದು, ಮತ್ತೇನು ಭಯ?

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವು ಮಕ್ಕಳ ಬುದ್ಧಿಶಕ್ತಿಗೆ ಸಂಬಂಧಿಸಿದ್ದಾದುದರಿಂದ ವಿಷಯವನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲಿಗೆ ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಮಕ್ಕಳು ಬರೆಯುವ ‘ಸೀಸದ ಕಡ್ಡಿ’ಯಲ್ಲಿ ಸೀಸವಿಲ್ಲ, ಅದರಲ್ಲಿರುವುದು ಗ್ರಾಫೈಟ್ ಎಂಬ ಇಂಗಾಲದ ರೂಪ. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಲು ಬಳಸುವ ತವರವೂ ಬೇರೆಯೇ ಲೋಹ. ಆದರೆ ಅಗ್ಗದ ಕಲಾಯಿಯಲ್ಲಿ ತವರಕ್ಕೆ ಸೀಸವನ್ನು ಬೆರೆಸುವ ಮೋಸ ಹಳೆಯದು. ನಿಜವಾದ ಸೀಸವು ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಭಾರವಾದುದು. 327 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಕರಗುವುದು. ಉಗುರಿನಿಂದ ಗೀರಬಹುದಾದಷ್ಟು ಮೃದು. ಬಗ್ಗಿಸಿದತ್ತ ಬಗ್ಗುವ, ಬಡಿದತ್ತ ಹರಡುವ ಈ ವಿಧೇಯತೆಯೇ ಅದನ್ನು ನೀರುಗೆಲಸದವರ ಮೆಚ್ಚಿನ ಲೋಹವನ್ನಾಗಿ ಮಾಡಿತು. ಲ್ಯಾಟಿನಿನಲ್ಲಿ ಸೀಸಕ್ಕೆ ‘ಪ್ಲಂಬಮ್’ ಎಂದು ಹೆಸರು. ನಲ್ಲಿ ರಿಪೇರಿಗೆ ಬರುವ ‘ಪ್ಲಂಬರ್’ ಆ ಲೋಹದ ಹೆಸರನ್ನೇ ಹೊತ್ತು ತಿರುಗುತ್ತಾನೆ.

ಕೊಳಕ್ಕೂ ಸೀಸಕ್ಕೂ ನಂಟು ಬೆಳೆದುದು ಮುಖ್ಯವಾಗಿ ಯುರೋಪಿನಲ್ಲಿ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಉದ್ಯಾನದಲ್ಲಿ, ನೀರಿನಿಂದ ರಥವೇರಿ ಮೇಲೆ ಬರುತ್ತಿರುವ ಅಪೊಲೊ ದೇವತೆಯ ವಿಗ್ರಹಸಮೂಹವು ಚಿನ್ನದ ಲೇಪವುಳ್ಳ ಸೀಸದ್ದು. ಹದಿನೇಳನೆಯ ಶತಮಾನದಲ್ಲಿ ಶಿಲ್ಪಿ ಟ್ಯೂಬಿ ಅದನ್ನು ರಚಿಸಿದನು. ಇಂಗ್ಲೆಂಡಿನ ಶ್ರೀಮಂತರ ತೋಟಗಳಲ್ಲಿಯೂ ಸೀಸದ ಪ್ರತಿಮೆಗಳು, ಮಳೆನೀರು ಹಿಡಿಯುವ ಸೀಸದ ತೊಟ್ಟಿಗಳು ಸಾಮಾನ್ಯವಾಗಿದ್ದವು. ಶತಮಾನಗಳ ಕಾಲ ನೀರಿನಲ್ಲಿ ನಿಂತೂ ಕೆಡದ ಈ ವಸ್ತುಗಳನ್ನು ನೋಡಿದವರಿಗೆ ಸೀಸವು ನೀರಿಗೆ ಏನನ್ನೂ ಕೊಡುವುದಿಲ್ಲವೆಂದು ತೋರುವುದು ಸಹಜ. ಆದರೆ ಲೋಹ ಉಳಿದಿದೆ ಎಂಬುದಕ್ಕೂ ನೀರು ಕೆಟ್ಟಿಲ್ಲ ಎಂಬುದಕ್ಕೂ ಸಂಬಂಧವಿಲ್ಲ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯೇ ಲೇಸೆಂದು ಬರೆದಿದ್ದನು. ಸೀಸದ ಕೆಲಸಗಾರರ ಮೈಬಣ್ಣ ಬಿಳಿಚಿಕೊಂಡಿರುವುದನ್ನು ಅವನು ಸಾಕ್ಷಿಯಾಗಿ ಕೊಟ್ಟನು.

ನೀರಿನ ಗುಣವೇ ನಿರ್ಣಾಯಕ

ಹೊಸದಾಗಿ ಕತ್ತರಿಸಿದ ಸೀಸವು ಬೆಳ್ಳಿಯಂತೆ ಹೊಳೆಯುತ್ತದೆ. ಗಾಳಿ ಸೋಕಿದೊಡನೆ ಹೊಳಪು ಮಾಸಿ ಬೂದು ಪೊರೆಯೊಂದು ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕವು ಸೀಸದ ಮೈಯನ್ನು ಸ್ವಲ್ಪಸ್ವಲ್ಪವಾಗಿ ತಿನ್ನುತ್ತದೆ. ನೀರು ಗಡಸಾಗಿದ್ದರೆ, ಎಂದರೆ ಅದರಲ್ಲಿ ಸುಣ್ಣದ ಅಂಶವೂ ಕಾರ್ಬೊನೇಟು, ಸಲ್ಫೇಟುಗಳೂ ಸಾಕಷ್ಟಿದ್ದರೆ, ಹೀಗೆ ಬಿಡುಗಡೆಯಾದ ಸೀಸವು ಅವುಗಳೊಡನೆ ಕೂಡಿ ಕರಗದ ಲವಣವಾಗಿ ಲೋಹದ ಮೈಗೇ ಅಂಟಿಕೊಳ್ಳುತ್ತದೆ. ಈ ಬಿಳಿ ಪೊರೆ ಕವಚದಂತೆ ನಿಂತು ಮುಂದಿನ ಸವೆತವನ್ನು ಬಹುಮಟ್ಟಿಗೆ ತಡೆಯುತ್ತದೆ. ‘ಸೀಸ ಕರಗದು’ ಎಂಬ ಮಾತಿನ ಆಧಾರ ಇಷ್ಟೇ.

ಮೆದು ನೀರಿನ ಸಂಗತಿ ಬೇರೆ. ಮಳೆಯ ನೀರಿನಲ್ಲಿ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ತುಸು ಆಮ್ಲೀಯವೂ ಆಗಿರುತ್ತದೆ. ಅಂತಹ ನೀರಿನಲ್ಲಿ ಕವಚವು ಗಟ್ಟಿಯಾಗಿ ಕಟ್ಟುವುದಿಲ್ಲ, ಕಟ್ಟಿದ್ದೂ ಉಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಹೊಸ ಸೀಸದ ಛಾವಣಿಯ ಮೇಲೆ ಮೊದಲ ಮಳೆ ಸುರಿದಾಗ ಕೆಳಗಿನ ಗೋಡೆಗಳ ಮೇಲೆ ಬಿಳಿಯ ಕಲೆಗಳು ಇಳಿಯುವುದನ್ನು ಕಟ್ಟಡದ ಕೆಲಸಗಾರರೆಲ್ಲ ಬಲ್ಲರು. ಆ ಬಿಳುಪು ಸೀಸದ ಕಾರ್ಬೊನೇಟು.

ಕೊಳದ ದೃಷ್ಟಿಯಿಂದ ಇನ್ನೂ ಮುಖ್ಯವಾದುದು ಎಲೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1786ರಲ್ಲಿ ತನ್ನ ಸ್ನೇಹಿತನಿಗೆ ಸೀಸದ ಕೇಡುಗಳನ್ನು ಕುರಿತು ಪತ್ರವೊಂದನ್ನು ಬರೆದನು. ಯುರೋಪಿನಲ್ಲಿ ನಡೆದುದೆಂದು ತಾನು ಕೇಳಿದ್ದ ಪ್ರಸಂಗವೊಂದನ್ನು ಅದರಲ್ಲಿ ಹೇಳಿದ್ದಾನೆ. ಎತ್ತರದ ಜಾಗದಲ್ಲಿದ್ದ ಒಂದು ಮನೆಗೆ ಬಾವಿಯಿರಲಿಲ್ಲ; ಸೀಸ ಹೊದಿಸಿದ ಛಾವಣಿಯಿಂದ ಇಳಿದ ಮಳೆನೀರನ್ನೇ ತೊಟ್ಟಿಯಲ್ಲಿ ಹಿಡಿದು ಮನೆಯವರು ಕುಡಿಯುತ್ತಿದ್ದರು. ಹಲವು ವರ್ಷ ಯಾರಿಗೂ ಏನೂ ಆಗಲಿಲ್ಲ. ಅಷ್ಟರಲ್ಲಿ ಮನೆಯ ಪಕ್ಕ ನೆಟ್ಟಿದ್ದ ಎಳೆಯ ಮರಗಳು ಛಾವಣಿಗಿಂತ ಎತ್ತರಕ್ಕೆ ಬೆಳೆದು ಅದರ ಮೇಲೆ ಎಲೆಗಳನ್ನು ಉದುರಿಸತೊಡಗಿದವು. ಎಲೆಗಳಲ್ಲಿದ್ದ ಆಮ್ಲವು ಸೀಸವನ್ನು ಕೊರೆದು ನೀರಿಗೆ ಬೆರೆಸಿತೆಂದೂ, ಇಡೀ ಕುಟುಂಬವು ತೀವ್ರವಾದ ಹೊಟ್ಟೆಶೂಲೆಗೆ ತುತ್ತಾಯಿತೆಂದೂ ಊಹಿಸಲಾಯಿತು. ಆ ಕಾಲದಲ್ಲಿ ರಸಾಯನಶಾಸ್ತ್ರವು ಇನ್ನೂ ಎಳೆಯದು. ಆದರೂ ಆ ಊಹೆ ಇಂದಿನ ತಿಳಿವಳಿಕೆಗೆ ಒಪ್ಪುತ್ತದೆ. ಕೊಳೆಯುವ ಎಲೆಗಳಿಂದ ಹೊರಡುವ ಜೈವಿಕ ಆಮ್ಲಗಳು ನೀರಿನ ಆಮ್ಲತೆಯನ್ನು ಹೆಚ್ಚಿಸುವುದಲ್ಲದೆ ಸೀಸವನ್ನು ಹಿಡಿದು ನೀರಿನಲ್ಲಿಯೇ ಉಳಿಸಿಕೊಳ್ಳುತ್ತವೆ.

ಉದ್ಯಾನದ ಕೊಳವೆಂದರೆ ಮಳೆನೀರು, ನಿಂತ ನೀರು, ಉದುರಿದ ಎಲೆ, ಕೊಳೆತ ಬೇರು. ಸೀಸವನ್ನು ಕರಗಿಸಲು ಬೇಕಾದ ಸಾಮಗ್ರಿಯೆಲ್ಲ ಅಲ್ಲಿಯೇ ಕೂಡಿಬಂದಿರುತ್ತದೆ.

ಊರಿಂದೂರಿಗೆ ವ್ಯತ್ಯಾಸವೂ ಉಂಟು. ಮುಂಬಯಿಯ ನಲ್ಲಿಗಳಿಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳಲ್ಲಿ ಶೇಖರವಾದ ಸಹ್ಯಾದ್ರಿಯ ಮಳೆನೀರು, ಅದು ಮೆದು. ಹೈದರಾಬಾದಿನ ಅಥವಾ ದಿಲ್ಲಿಯ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿಯ ಹೊಪ್ಪಳೆಯೇ ಅದಕ್ಕೆ ಸಾಕ್ಷಿ. ಒಂದೇ ಸೀಸದ ತಗಡು ದಿಲ್ಲಿಯಲ್ಲಿ ಬಹುಕಾಲ ಸುಮ್ಮನಿದ್ದು ಮುಂಬಯಿಯಲ್ಲಿ ಬೇಗ ಸವೆಯಬಹುದು. ಹಾಗೆಂದು ಗಡಸು ನೀರಿನ ಊರಿನವರು ನಿಶ್ಚಿಂತರಾಗುವಂತಿಲ್ಲ. ಶ್ರಾವಣದ ಒಂದು ಜಡಿಮಳೆ ತೆರೆದ ತೊಟ್ಟಿಯ ನೀರನ್ನೆಲ್ಲ ಬದಲಿಸಿಬಿಡುತ್ತದೆ. ನೀರು ತಿಳಿಯಾಗಲೆಂದು ಪಟಿಕ ಹಾಕುವ ರೂಢಿಯೂ ನೀರನ್ನು ಆಮ್ಲದ ಕಡೆಗೇ ಎಳೆಯುತ್ತದೆ. ಇನ್ನೊಂದು ವಿಚಿತ್ರವೆಂದರೆ ಸೀಸಕ್ಕೆ ಆಮ್ಲ ಮಾತ್ರವಲ್ಲ, ತೀಕ್ಷ್ಣವಾದ ಕ್ಷಾರವೂ ಆಗದು. ಹಸಿ ಸಿಮೆಂಟಿನಲ್ಲಿರುವ ಸುಣ್ಣವು ಅದನ್ನು ತಿನ್ನುತ್ತದೆ. ಹೊಸ ಸಿಮೆಂಟು ತೊಟ್ಟಿಯ ಬಿರುಕಿಗೆ ಸೀಸ ಬಡಿಯುವುದು ಈ ಕಾರಣದಿಂದಲೂ ತಪ್ಪು ವಿಧಾನ.

ಸಾಸಿವೆಯಷ್ಟು ಸೀಸ

ಎಷ್ಟು ಸೀಸ ಕರಗಿದರೆ ಅಪಾಯ? ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಸೀಸವು 0.01 ಮಿಲಿಗ್ರಾಂ, ಅಂದರೆ 10 ಮೈಕ್ರೊಗ್ರಾಂ ಮೀರಬಾರದು. ಸಾವಿರ ಲೀಟರು ಹಿಡಿಯುವ ಕೊಳವೊಂದನ್ನು ತೆಗೆದುಕೊಂಡರೆ, ಅದರ ನೀರೆಲ್ಲವನ್ನೂ ಈ ಮಿತಿಗೆ ತರಲು 10 ಮಿಲಿಗ್ರಾಂ ಸೀಸ ಸಾಕು. ಅಷ್ಟು ಸೀಸದ ಗಾತ್ರ ಒಂದು ಘನ ಮಿಲಿಮೀಟರಿಗಿಂತಲೂ ಕಡಿಮೆ. ಒಗ್ಗರಣೆಗೆ ಹಾಕುವ ಒಂದು ಸಾಸಿವೆ ಕಾಳಿನಷ್ಟು. ಕೆಲವು ಕಿಲೋಗ್ರಾಂ ತೂಗುವ ತಗಡಿನಿಂದ ಇಷ್ಟು ಸವೆದುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೊಳದ ನೀರನ್ನು ಯಾರು ಕುಡಿಯುತ್ತಾರೆ ಎಂದು ಕೇಳಬಹುದು. ಮೀನು ಅದರಲ್ಲಿಯೇ ಉಸಿರಾಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯ ಮಾನದಂಡದಂತೆ, ಮಧ್ಯಮ ಗಡಸಿನ ಸಿಹಿನೀರಿನಲ್ಲಿ ಜಲಚರಗಳು ದೀರ್ಘಕಾಲ ಸಹಿಸಬಹುದಾದ ಕರಗಿದ ಸೀಸದ ಮಟ್ಟ ಲೀಟರಿಗೆ ಸುಮಾರು 2.5 ಮೈಕ್ರೊಗ್ರಾಂ, ನೀರು ಮೆದುವಾದಷ್ಟೂ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ಮನುಷ್ಯನಿಗೆ ಕುಡಿಯಲು ಯೋಗ್ಯವೆನಿಸಿದ ನೀರೂ ಮೀನಿಗೆ ವಿಷವಾಗಬಹುದೆಂದು ಇದರ ಅರ್ಥ. ಬಹುಕಾಲ ಸೀಸದ ನೀರಿನಲ್ಲಿ ಬೆಳೆಸಿದ ಟ್ರೌಟ್ ಮೀನುಗಳ ಬಾಲ ಕಪ್ಪಾಗಿ, ಬೆನ್ನೆಲುಬು ಡೊಂಕಾದುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಇನ್ನು ಕರಗದೆ ತಳದಲ್ಲಿ ಬಿದ್ದಿರುವ ಸೀಸದ ಕಥೆ. ಇಂಗ್ಲೆಂಡಿನಲ್ಲಿ ಗಾಳ ಹಾಕುವವರು ದಾರಕ್ಕೆ ಸಣ್ಣ ಸೀಸದ ಗುಂಡುಗಳನ್ನು ಕಟ್ಟುತ್ತಿದ್ದರು. ಅವು ಕಳಚಿ ಕೊಳ, ನದಿಗಳ ತಳ ಸೇರುತ್ತಿದ್ದವು. ಹಂಸಗಳಿಗೆ ಹಲ್ಲಿಲ್ಲ, ಆಹಾರವನ್ನು ಅರೆಯಲು ಅವು ನೊರಜುಗಲ್ಲುಗಳನ್ನು ನುಂಗಿ ಜಠರದಲ್ಲಿಟ್ಟುಕೊಳ್ಳುತ್ತವೆ. ಕಲ್ಲೆಂದು ನುಂಗಿದ ಸೀಸದ ಗುಂಡು ಅಲ್ಲಿ ಕಲ್ಲಿನೊಡನೆ ತಿಕ್ಕಾಡಿ, ಜಠರದ ಆಮ್ಲದಲ್ಲಿ ಕರಗಿ, ರಕ್ತಕ್ಕೆ ಸೇರುತ್ತಿತ್ತು. ಸ್ನಾಯುಗಳು ಸೋತು ನೀಳವಾದ ಕೊರಳನ್ನು ಎತ್ತಿ ಹಿಡಿಯಲಾರದೆ ಥೇಮ್ಸ್ ನದಿಯ ಹಂಸಗಳು ಸಾಯತೊಡಗಿದವು. ಕಾರಣವು ಖಚಿತವಾದ ಮೇಲೆ, 1987ರಿಂದ ಅಲ್ಲಿ ಅಂತಹ ಸಣ್ಣ ಸೀಸದ ತೂಕಗಳ ಮಾರಾಟವನ್ನು ನಿಷೇಧಿಸಲಾಯಿತು. ಹಂಸಗಳ ಸಂಖ್ಯೆ ಚೇತರಿಸಿಕೊಂಡಿತು. ಬೇಟೆಗಾರರ ಕೋವಿಯ ಸೀಸದ ಚರೆಗಳಿಂದ ಬಾತುಗಳು ಸಾಯುತ್ತಿದ್ದ ಅಮೆರಿಕದಲ್ಲಿಯೂ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧವಾಯಿತು. ಎರಡು ಕಡೆಯೂ ಹಕ್ಕಿಗಳನ್ನು ಕೊಂದುದು ನೀರಿನಲ್ಲಿ ಕರಗಿದ ಸೀಸವಲ್ಲ, ‘ಕರಗದ’ ಸೀಸವೇ.

ಕೊಳದ ದಡದ ಸೊಪ್ಪು

ಪ್ರವಾಸಿ ಕನ್ನಡಿಗರ ಮನೆಗಳಲ್ಲಿ ಕೊಳದ ತೇವವು ವ್ಯರ್ಥವಾಗುವುದಿಲ್ಲ. ಊರಿನಿಂದ ಬೇರುಸಹಿತ ತಂದ ಒಂದೆಲಗವನ್ನು ತೊಟ್ಟಿಯ ಒದ್ದೆಯಂಚಿನಲ್ಲಿ ನೆಡುವುದುಂಟು. ಕರಾವಳಿಯಿಂದ ಬಂದವರಿಗೆ ಆಷಾಢ ಶ್ರಾವಣಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಬೇಕು. ಅದಕ್ಕೂ ನೀರಿನ ಬದಿಯೇ ಪ್ರಿಯ. ತಾವರೆಯ ಗೆಡ್ಡೆಯನ್ನು ಪಲ್ಯ ಮಾಡುವ ನೆರೆಹೊರೆಯವರನ್ನು ಕಂಡು ಅದನ್ನೂ ಕಲಿತವರಿದ್ದಾರೆ. ಇವೆಲ್ಲ ಕೆಸರಿನಲ್ಲಿ ಬೇರೂರುವ ಗಿಡಗಳು. ನೀರಿಗೆ ಬಿಟ್ಟ ಸೀಸವು ಬಹುಪಾಲು ಹೂಳಿಗೆ ಅಂಟಿಕೊಳ್ಳುತ್ತದೆ. ಗಿಡವು ಅದನ್ನು ಹೀರಿಕೊಂಡಾಗ ಹೆಚ್ಚಿನಂಶ ಬೇರಿನಲ್ಲಿಯೇ ನಿಲ್ಲುತ್ತದೆ, ಕೊಂಚ ಎಲೆಗೂ ಏರುತ್ತದೆ. ಆದುದರಿಂದ ಗೆಡ್ಡೆಯಲ್ಲಿ ಅಪಾಯ ಹೆಚ್ಚು, ಎಲೆಯಲ್ಲಿ ಕಡಿಮೆ. ಒಂದೆಲಗವನ್ನಾದರೋ ಎಷ್ಟೋ ಮನೆಗಳಲ್ಲಿ ಬೇರುಸಹಿತ ಕಿತ್ತು ತೊಳೆದು ಹಸಿಯಾಗಿಯೇ ತಂಬುಳಿಗೆ ಅರೆಯುತ್ತಾರೆ. ಮಕ್ಕಳ ಜ್ಞಾಪಕಶಕ್ತಿ ಹೆಚ್ಚಲೆಂದು ಅಜ್ಜಿ ಅರೆದು ಬಡಿಸುವ ಸೊಪ್ಪಿನ ಮೂಲಕವೇ ಜ್ಞಾಪಕಶಕ್ತಿಯನ್ನು ಕುಂದಿಸುವ ಲೋಹವು ತಟ್ಟೆಗೆ ಬರುವುದಾದರೆ ಅದಕ್ಕಿಂತ ವಿಪರ್ಯಾಸವುಂಟೇ?

ಸೀಸವು ದೇಹಕ್ಕೆ ಯಾವ ಉಪಕಾರವನ್ನೂ ಮಾಡದ ಲೋಹ. ದೇಹವು ಅದನ್ನು ಕ್ಯಾಲ್ಸಿಯಂ ಎಂದು ಭ್ರಮಿಸಿ ಎಲುಬುಗಳಲ್ಲಿ ಸೇರಿಸಿಕೊಳ್ಳುತ್ತದೆ; ಅಲ್ಲಿ ಅದು ದಶಕಗಳ ಕಾಲ ಉಳಿದು, ಗರ್ಭಾವಸ್ಥೆಯಲ್ಲಿ ಎಲುಬಿನ ಕ್ಯಾಲ್ಸಿಯಂ ಕರಗುವಾಗ ಜೊತೆಗೆ ಹೊರಬಂದು ಶಿಶುವಿಗೂ ತಲುಪುತ್ತದೆ. ನುಂಗಿದ ಸೀಸದಲ್ಲಿ ವಯಸ್ಕರು ಹತ್ತರಲ್ಲೊಂದು ಪಾಲನ್ನು ಹೀರಿಕೊಂಡರೆ ಎಳೆಯ ಮಕ್ಕಳು ಅರ್ಧದವರೆಗೂ ಹೀರಿಕೊಳ್ಳಬಲ್ಲರು. ಆಹಾರದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿರುವ ಮಗುವಿಗೆ ಅಪಾಯ ಇನ್ನೂ ಹೆಚ್ಚು. ಹೆಚ್ಚಿನ ಪ್ರಮಾಣದಲ್ಲಿ ರಕ್ತಹೀನತೆ, ಮಲಬದ್ಧತೆ, ಹೊಟ್ಟೆಶೂಲೆ, ಮಣಿಕಟ್ಟು ಜೋಲುವುದು, ಒಸಡಿನ ಅಂಚಿನಲ್ಲಿ ನೀಲಿ ಗೆರೆ ಕಾಣಿಸುವುದು ಇತ್ಯಾದಿ ಲಕ್ಷಣಗಳಿರುತ್ತವೆ. ಅಲ್ಪ ಪ್ರಮಾಣದಲ್ಲಿ ಯಾವ ಲಕ್ಷಣವೂ ಇಲ್ಲದೆ ಮಗುವಿನ ಕಲಿಕೆ, ಏಕಾಗ್ರತೆ, ನಡವಳಿಕೆಗಳು ಕುಂದುತ್ತವೆ. ತಂದೆತಾಯಿಗಳು ಓದಿನಲ್ಲಿ ಸೋಮಾರಿಯೆಂದು ಗದರಿಸುತ್ತಾರೆ. ಸುರಕ್ಷಿತವೆನ್ನಬಹುದಾದ ಮಟ್ಟವೇ ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷವನ್ನು ಕುರಿತು ದೀರ್ಘಕಾಲ ನಡೆಸಿದ ಕಾರ್ಯದಿಂದ ಈ ವಿಷಯ ಭಾರತದಲ್ಲಿ ಗಮನಕ್ಕೆ ಬಂದಿತು. ಪೆಟ್ರೋಲಿನಿಂದ ಸೀಸವನ್ನು 2000ದಲ್ಲಿ ದೇಶದಾದ್ಯಂತ ತೆಗೆದುಹಾಕಲಾಯಿತು. ಮನೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಹೀಗಿದ್ದರೂ, ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸವು ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಅಥವಾ ಅದಕ್ಕೂ ಹೆಚ್ಚಾಗಿದ್ದಿತು. ಅವರಲ್ಲಿ 27 ಕೋಟಿಗೂ ಹೆಚ್ಚು ಮಂದಿ ಭಾರತದವರು. ಬ್ಯಾಟರಿ ಕರಗಿಸುವ ಕುಲುಮೆ, ಕಲಬೆರಕೆಯ ಅರಿಶಿನ, ಹಳೆಯ ಬಣ್ಣಗಳ ಮುಂದೆ ಕೊಳದ ಸೀಸವು ಸಣ್ಣ ಬಾಬತ್ತೆಂಬುದು ನಿಜ. ಆದರೆ ಈ ಬಾಬತ್ತು ಮನೆಯವರ ಕೈಯಲ್ಲಿಯೇ ಇದೆ.

ಮಾಡಬೇಕಾದುದು

ಹೊಸ ಕೊಳಕ್ಕೆ ಸೀಸವನ್ನು ಯಾವ ರೂಪದಲ್ಲಿಯೂ ಬಳಸಬಾರದು. ತಳಕ್ಕೆ ಹಾಸಲು ಕೊಳಗಳಿಗೆಂದೇ ಸಿಗುವ ರಬ್ಬರು ಅಥವಾ ದಪ್ಪ ಪಾಲಿಥೀನ್ ಹಾಳೆ ಇದೆ. ಕಲ್ಲಿನ ಬಾನಿ, ಮಣ್ಣಿನ ತೊಟ್ಟಿಗಳಂತೂ ಇದ್ದೇ ಇವೆ. ಅಂಗಡಿಯಿಂದ ತಂದ ನೀರುಗಿಡದ ಬುಡದಲ್ಲಿ ಲೋಹದ ಪಟ್ಟಿಯಿದ್ದರೆ ನೆಡುವ ಮೊದಲು ಬಿಚ್ಚಿ, ಬದಲಿಗೆ ಒಂದು ಬೆಣಚುಕಲ್ಲನ್ನು ದಾರದಿಂದ ಕಟ್ಟಿದರಾಯಿತು. ಇನ್ವರ್ಟರಿನ ಹಳೆಯ ಬ್ಯಾಟರಿಯ ಪೆಟ್ಟಿಗೆಯನ್ನು ಎಷ್ಟೇ ತೊಳೆದರೂ ಗಿಡದ ಕುಂಡವಾಗಿಯಾಗಲಿ ತೊಟ್ಟಿಯಾಗಿಯಾಗಲಿ ಬಳಸುವುದು ಬೇಡ. ಗಣೇಶನನ್ನು ಮನೆಯ ತೊಟ್ಟಿಯಲ್ಲಿಯೇ ವಿಸರ್ಜಿಸುವವರು ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನೇ ತರುವುದು ಮೇಲು. ಬಣ್ಣದ ಸೀಸವು ನಯವಾದ ಪುಡಿಯಾದುದರಿಂದ ತಗಡಿಗಿಂತ ಬೇಗ ಹೂಳಿನಲ್ಲಿ ಬೆರೆಯುತ್ತದೆ.

ಈಗಾಗಲೇ ಸೀಸವಿರುವ ಹಳೆಯ ಕೊಳವನ್ನು ಆತುರದಿಂದ ಕೆದಕಬಾರದು. ಉಜ್ಜುವುದು, ಮರಳುಕಾಗದ ಹಾಕುವುದು, ಹುಣಿಸೆಹಣ್ಣಿನಿಂದ ತಿಕ್ಕಿ ಹೊಳಪು ತರುವುದು, ಇವೆಲ್ಲ ರಕ್ಷಕವಾದ ಪೊರೆಯನ್ನು ಕಿತ್ತುಹಾಕುತ್ತವೆ. ತೆಗೆಸುವ ತನಕ ಎಲೆಗಳು ಬೀಳದಂತೆ ಬಲೆ ಕಟ್ಟಿ, ಬಿದ್ದುದನ್ನು ಅಂದಂದೇ ಎತ್ತಬೇಕು. ನೀರಿನಲ್ಲಿ ಒಂದೆರಡು ಸುಣ್ಣಕಲ್ಲಿನ ತುಂಡುಗಳನ್ನೋ ಕಪ್ಪೆಚಿಪ್ಪುಗಳನ್ನೋ ಹಾಕಿಟ್ಟರೆ ಆಮ್ಲತೆ ಏರದು. ಆ ನೀರನ್ನು ಸೊಪ್ಪು ತರಕಾರಿಗಳಿಗೆ ಹಾಯಿಸಬಾರದು. ಕಾಯಿಸಿದರೆ ಸೀಸ ಹೋಗುವುದೆಂಬ ನಂಬಿಕೆ ತಪ್ಪು. ಕುದಿದು ನೀರು ಆರಿದಷ್ಟೂ ಉಳಿದುದರಲ್ಲಿ ಸೀಸದ ಪ್ರಮಾಣ ಏರುತ್ತದೆ. ನೀರನ್ನೂ ಹೂಳನ್ನೂ ನೀರು ಪರೀಕ್ಷಿಸುವ ಮಾನ್ಯ ಪ್ರಯೋಗಾಲಯದಲ್ಲಿ ತೋರಿಸಬಹುದು. ನೀರಿನಲ್ಲಿ ಕಾಣದ ಸೀಸವು ಹೂಳಿನಲ್ಲಿ ಸಿಗುವುದುಂಟಾದುದರಿಂದ ಎರಡನ್ನೂ ಕೊಡುವುದು ಯುಕ್ತ.

ತೆಗೆದ ಸೀಸವನ್ನು ಮನೆಯಲ್ಲಿ ಕರಗಿಸುವ ಸಾಹಸ ಸಲ್ಲದು, ಏಕೆಂದರೆ ಅದರ ಹೊಗೆ ಮತ್ತು ಧೂಳು ನೀರಿಗಿಂತ ಹೆಚ್ಚು ಅಪಾಯಕಾರಿ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಅಧಿಕೃತ ಮರುಬಳಕೆದಾರರಿಗೆ ಅದನ್ನು ಒಪ್ಪಿಸಬಹುದು. ತಳದ ಹೂಳನ್ನು ಒದ್ದೆಯಿರುವಾಗಲೇ, ಕೈಗವಸು ತೊಟ್ಟು, ಚೀಲದಲ್ಲಿ ಕಟ್ಟಬೇಕು. ಒಣಗಿಸಿ ಗುಡಿಸಿದರೆ ಧೂಳೆದ್ದು ಮನೆಯೊಳಗೆ ಬರುತ್ತದೆ. ಗೊಬ್ಬರವೆಂದು ಅದನ್ನು ಬೇರೆ ಕುಂಡಗಳಿಗೆ ಹಾಕಬಾರದು. ಮಕ್ಕಳು ವರ್ಷಗಟ್ಟಲೆ ಅಂತಹ ನೀರಿನಲ್ಲಿ ಆಡಿದ್ದರೆ ಅಥವಾ ಆ ದಡದ ಸೊಪ್ಪನ್ನು ತಿಂದಿದ್ದರೆ ಮಕ್ಕಳ ವೈದ್ಯರಿಗೆ ತಿಳಿಸಿ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಬೇಕು. ಡೆಸಿಲೀಟರಿಗೆ 45 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಸೀಸವನ್ನು ಹೊರಹಾಕುವ ಕೀಲೇಷನ್ ಚಿಕಿತ್ಸೆಯನ್ನು ವೈದ್ಯರು ಕೊಡುತ್ತಾರೆ. ಅದಕ್ಕಿಂತ ಕಡಿಮೆಯಿದ್ದಾಗ ಮೂಲವನ್ನು ತೆಗೆದುಹಾಕಿ, ಹಾಲು, ರಾಗಿ, ಸೊಪ್ಪು, ಬೇಳೆಗಳಿಂದ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಕೊರತೆಯನ್ನು ತುಂಬಿ, ಕೆಲವು ತಿಂಗಳ ಅನಂತರ ರಕ್ತವನ್ನು ಮತ್ತೆ ಪರೀಕ್ಷಿಸುತ್ತಾರೆ.